ಔಷಧ ಸಹಸ್ಫಟಿಕಗಳು

ನೀರಿನಲ್ಲಿ ಸುಲಭವಾಗಿ ಕರಗದ ಔಷಧದ ಅಣುವೂ ನಿರಪಾಯಕಾರಿಯಾದ ಇನ್ನೊಂದು ಅಣುವೂ ನಿಶ್ಚಿತ ಪ್ರಮಾಣದಲ್ಲಿ ಸೇರಿ ಒಂದೇ ಹರಳಾಗಿ ನಿಂತ ಘನವಸ್ತು. ಜಠರ, ಕರುಳುಗಳಲ್ಲಿ ಕರಗದ ಔಷಧ ರಕ್ತಕ್ಕೆ ಸೇರುವುದಿಲ್ಲ. ಎಷ್ಟೇ ಗುಣವುಳ್ಳದ್ದಾದರೂ ವ್ಯರ್ಥ. ಅಣುವನ್ನು ಬದಲಿಸಿದರೆ ಅದರ ಗುಣವೂ ಬದಲಾದೀತು. ಸಹಸ್ಫಟಿಕದಲ್ಲಿ ಅಣು ಹಾಗೆಯೇ ಉಳಿದು, ಅದರ ನೆರೆಹೊರೆ ಮಾತ್ರ ಬದಲಾಗುತ್ತದೆ.

ಇಂಥ ಹರಳು ಹೊಸದಲ್ಲ. ಜರ್ಮನಿಯ ಫ್ರೀಡ್ರಿಕ್ ವೋಲರ್ 1844ರಲ್ಲೇ ಕ್ವಿನ್‌ಹೈಡ್ರೋನ್ ಎಂಬ ಸಹಸ್ಫಟಿಕವನ್ನು ತಯಾರಿಸಿದ್ದ. ಯಾವ ಅಣು ಯಾವುದರ ಜೊತೆ ಕೂಡುತ್ತದೆಂದು ಮೊದಲೇ ಲೆಕ್ಕಹಾಕುವ ವಿದ್ಯೆ ಬರಲು ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದಕ್ಕೆ ಬುನಾದಿ ಹಾಕಿದವರಲ್ಲಿ ಗೌತಮ್ ಆರ್. ದೇಸಿರಾಜು ಪ್ರಮುಖರು. ಅಣುಗಳನ್ನು ಹರಳಿನಲ್ಲಿ ಜೋಡಿಸುವ ಹೈಡ್ರೋಜನ್ ಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಮಾದರಿಗಳನ್ನು ಅವರು ಹೈದರಾಬಾದಿನಲ್ಲಿದ್ದಾಗ, 1995ರ ಲೇಖನದಲ್ಲಿ, ವಿನ್ಯಾಸದ ಘಟಕಗಳಾಗಿ ನಿರೂಪಿಸಿದರು. 2009ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಈ ಕೆಲಸ ಔಷಧಗಳತ್ತ ಇನ್ನಷ್ಟು ಹೊರಳಿತು.

2015ರಲ್ಲಿ ಅವರ ತಂಡ ರಕ್ತದೊತ್ತಡದ ಮದ್ದಾದ ಹೈಡ್ರೋಕ್ಲೋರೋಥಯಜೈಡ್‌ನ ಸಹಸ್ಫಟಿಕಗಳನ್ನು ವರದಿ ಮಾಡಿತು. ಈ ಮದ್ದು ನೀರಿನಲ್ಲಿ ಕರಗುವುದೂ ಕಡಿಮೆ, ಜೀವಪೊರೆಯನ್ನು ದಾಟುವುದೂ ಕಡಿಮೆ. ಜೊತೆಗೂಡಿಸಿದ ಅಣುಗಳಲ್ಲಿ ಬಿ ಜೀವಸತ್ವದ ಬಳಗದ ನಿಕೋಟಿನಮೈಡ್ ಕೂಡ ಇತ್ತು. ಕರಗುವಿಕೆಯ ಜೊತೆಗೆ ಪೊರೆ ದಾಟುವುದನ್ನೂ ಅಳೆದದ್ದು ಈ ಕೆಲಸದ ವಿಶೇಷ. ಅದೇ ಸಂಸ್ಥೆಯ ಟಿ.ಎನ್. ಗುರುರಾವ್ ಅವರ ಗುಂಪು, ಎರಡು ವಸ್ತುಗಳು ಹೊಸ ಹರಳು ಕಟ್ಟದೆ ಕಡಿಮೆ ತಾಪದಲ್ಲಿ ಕರಗುವ ಮಿಶ್ರಣವಾಗುವುದು ಯಾವಾಗ ಎಂಬುದನ್ನು ಪರಿಶೀಲಿಸಿತು.

ತಯಾರಿಕೆಯ ಮೊದಲ ಹಂತ ಸರಳ. ಎರಡೂ ಪುಡಿಗಳನ್ನು ಕಲ್ಬತ್ತಿನಲ್ಲಿ ಹಾಕಿ, ಕೆಲವು ಹನಿ ಆಲ್ಕೊಹಾಲ್ ಬಿಟ್ಟು ಅರೆಯುತ್ತಾರೆ. ಬಳಿಕ ಎಕ್ಸ್-ಕಿರಣಕ್ಕೆ ಒಡ್ಡಿದಾಗ ಮೂಲ ಪುಡಿಗಳಲ್ಲಿರದ ಗೆರೆಗಳು ಮೂಡಿದರೆ ಹೊಸ ಹರಳು ಹುಟ್ಟಿದೆ ಎಂಬ ಸುಳಿವು. ಅದನ್ನು ನೀರಿಗೆ ಹಾಕಿದಾಗ ಜೊತೆಗಾರ ಅಣು ಬೇಗ ಕರಗಿಹೋಗಿ, ಔಷಧ ತನ್ನ ಸಹಜ ಮಿತಿಗಿಂತ ಹೆಚ್ಚಾಗಿ ನೀರಿನಲ್ಲಿ ಸೇರುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಹರಳಾಗಿ ತಳಕ್ಕಿಳಿಯಬಹುದು. ಮೊದಲ ನಿಮಿಷಗಳ ಏರಿಕೆಯನ್ನಷ್ಟೇ ತೋರಿಸುವ ನಕ್ಷೆಗಳನ್ನು ನಂಬುವಂತಿಲ್ಲ. ಆ ಮಟ್ಟ ದೇಹ ಹೀರಿಕೊಳ್ಳುವವರೆಗೆ ನಿಲ್ಲಬೇಕು. ಅದಕ್ಕಾಗಿ ಗುಳಿಗೆಯಲ್ಲಿ ಪಾಲಿಮರ್ ಬೆರೆಸುವುದುಂಟು.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಸಹಸ್ಫಟಿಕಗಳ ಕುರಿತ ಅಂತಿಮ ಮಾರ್ಗಸೂಚಿ ಹೊರಡಿಸಿತು. ಮಾರುಕಟ್ಟೆಗೆ ಬಂದವುಗಳಲ್ಲಿ 2015ರಲ್ಲಿ ಅನುಮತಿ ಪಡೆದ ಸಕ್ಯೂಬಿಟ್ರಿಲ್-ವ್ಯಾಲ್ಸಾರ್ಟನ್ ಹೃದಯ ವೈಫಲ್ಯಕ್ಕೆ ಬಳಕೆಯಲ್ಲಿದೆ. ಪ್ರಯೋಗಾಲಯದಲ್ಲಿ ಹುಟ್ಟಿದ ಸಹಸ್ಫಟಿಕಗಳಿಗೆ ಹೋಲಿಸಿದರೆ ಔಷಧದಂಗಡಿಗೆ ತಲುಪಿದವು ಬೆರಳೆಣಿಕೆಯಷ್ಟೇ.