ಅರಾಕಾನಿನಿಂದ ಕೊರಿಯಾವರೆಗೆ: ಜನರಲ್ ತಿಮ್ಮಯ್ಯನವರ ಸೇನಾಜೀವನ

ಜನರಲ್ ಕೆ.ಎಸ್. ತಿಮ್ಮಯ್ಯನವರ ಕುರಿತ ಚರ್ಚೆ ಬಹುಪಾಲು 1959ರ ರಾಜೀನಾಮೆ ಪ್ರಕರಣದ ಸುತ್ತಲೇ ಗಿರಕಿ ಹೊಡೆಯುತ್ತದೆ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಜಟಾಪಟಿ, ನೆಹರೂ ಮನವೊಲಿಕೆ, ರಾಜೀನಾಮೆ ವಾಪಸು. ಸೇನಾನಿಯ ತೂಕ ನೋಡಲು ಇದು ತೀರ ಸಣ್ಣ ತಕ್ಕಡಿ.

1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಅವರು ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕರಾವಳಿಯಲ್ಲಿ ಹೈದರಾಬಾದ್ ರೆಜಿಮೆಂಟಿನ (ಇಂದಿನ ಕುಮಾವೂಂ) ಬೆಟಾಲಿಯನ್ ಒಂದನ್ನು ನಡೆಸಿದರು. 1945ರ ಜನವರಿಯ ಕಾಂಗಾ ಕದನದಲ್ಲಿ ಒಂದೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ಥೋರಾಟ್, ಸೇನ್. ಮೂವರಿಗೂ ಡಿ.ಎಸ್.ಓ. ಪದಕ ಬಂತು. ಇತ್ತ ತಿಮ್ಮಯ್ಯ ಜಪಾನಿಯರ ಮೇಲೆ ಗುಂಡು ಹಾರಿಸುತ್ತಿದ್ದರೆ, ಅತ್ತ ಅವರ ಒಡಹುಟ್ಟಿದ ಪೊನ್ನಪ್ಪ ಸೇರಿದ್ದು ಜಪಾನಿಯರ ಜೊತೆಗೂಡಿದ್ದ ಸುಭಾಷರ ಆಜಾದ್ ಹಿಂದ್ ಫೌಜನ್ನು!

ಅವರ ಯುದ್ಧಬುದ್ಧಿ ಪೂರ್ತಿ ಬೆಳಗಿದ್ದು ಪಾಕಿಸ್ತಾನದೊಂದಿಗಿನ ಕಾಶ್ಮೀರ ಯುದ್ಧದಲ್ಲಿ, 1948ರ ಜೋಜಿಲಾದಲ್ಲಿ. ಸುಮಾರು 11,500 ಅಡಿ ಎತ್ತರದ ಆ ಕಣಿವೆದಾರಿ ವೈರಿಯ ಕೈಯಲ್ಲಿದ್ದಷ್ಟು ದಿನ ಕಾಶ್ಮೀರ ಕಣಿವೆಯಿಂದ ಲಡಾಖ್‌ಗೆ ನೆಲಮಾರ್ಗವಿರಲಿಲ್ಲ. ಸೆಪ್ಟೆಂಬರಿನಲ್ಲಿ ಕಾಲಾಳುಗಳ ದಾಳಿ ಮೆಷಿನ್ ಗನ್ನುಗಳೆದುರು ಮುಗ್ಗರಿಸಿತು. ಅದೇ ದಾಳಿಯನ್ನು ಇನ್ನಷ್ಟು ಜನರೊಂದಿಗೆ ಮರಳಿ ಮಾಡುವುದು ಸುಲಭವಾಗಿತ್ತು. ತಿಮ್ಮಯ್ಯ ಮಾತ್ರ ಟ್ಯಾಂಕ್ ಹತ್ತಿಸುವ ದಾರಿ ಹುಡುಕಿದರು. 7ನೇ ಕ್ಯಾವಲ್ರಿಯ ಸ್ಟೂವರ್ಟ್ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತರುವಾಗ, ಗುರುತು ಸಿಗದಂತೆ ಗೋಪುರಗಳನ್ನೇ ಕಳಚಿಡಲಾಗಿತ್ತು. ಹೇಸರಗತ್ತೆಗಳಷ್ಟೇ ನಡೆಯುತ್ತಿದ್ದ ಜಾಡನ್ನು ಮದ್ರಾಸ್ ಸ್ಯಾಪರ್ಸ್ ಯೋಧರು ಬಂಡೆ ಸಿಡಿಸಿ ಅಗಲಿಸಿದರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆ ಹೊಕ್ಕಾಗ ಡಿವಿಷನ್ ಕಮಾಂಡರ್ ತಿಮ್ಮಯ್ಯ ಮುಂಚೂಣಿಯಲ್ಲೇ ಇದ್ದರು. ಅಷ್ಟು ಎತ್ತರದಲ್ಲಿ ಟ್ಯಾಂಕು ಬರಬಹುದೆಂದು ಎದುರಾಳಿ ಎಣಿಸಿರಲೇ ಇಲ್ಲ. ತಿಂಗಳು ಮುಗಿಯುವುದರೊಳಗೆ ದ್ರಾಸ್, ಕಾರ್ಗಿಲ್ ಎರಡೂ ಕೈಸೇರಿದವು. ಇಲ್ಲಿ ಶೌರ್ಯಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ರಸ್ತೆ, ಗೋಪ್ಯ ಮತ್ತು ಸಾಗಾಟದ ಲೆಕ್ಕಾಚಾರ ಎಂಬುದು ನನ್ನ ವಾದ.

ಯುದ್ಧವಿರಾಮದ ನಂತರದ ಕೊರಿಯಾದಲ್ಲಿ (1953–54) ಈ ಯಾವ ಅಸ್ತ್ರವೂ ನಡೆಯುವಂತಿರಲಿಲ್ಲ. ತಾಯ್ನಾಡಿಗೆ ಮರಳಲೊಲ್ಲದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾ ಯುದ್ಧಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗದ್ದು. ಅದರ ಅಧ್ಯಕ್ಷರು ತಿಮ್ಮಯ್ಯ. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ ನಿಂತಾಗ ನಡುವಿನ ಮತ ಭಾರತದ್ದಾಗುತ್ತಿತ್ತು. ಶಿಬಿರಗಳೊಳಗೆ ಕೈದಿಗಳ ಮುಖಂಡರದೇ ದರ್ಬಾರು. ಬಲ ಪ್ರಯೋಗಿಸಿದರೆ ಹತ್ಯಾಕಾಂಡ, ಸುಮ್ಮನಿದ್ದರೆ ಪಕ್ಷಪಾತದ ಆಪಾದನೆ. ರಾಜಕೀಯ ತೀರ್ಮಾನ ಕೂಡಿಬರದಿದ್ದಾಗ, ಜನವರಿಯಲ್ಲಿ ಕೈದಿಗಳನ್ನು ಹಿಂದೆ ಅವರನ್ನು ಹಿಡಿದಿಟ್ಟಿದ್ದ ಪಕ್ಷಕ್ಕೇ ಒಪ್ಪಿಸಿದರು. ಎರಡೂ ಬಣಗಳು ಗೊಣಗಿದವು. ಆ ಸನ್ನಿವೇಶದಲ್ಲಿ ಇದಕ್ಕಿಂತ ನ್ಯಾಯವಾದ ದಾರಿ ನನಗಂತೂ ಕಾಣದು.

ಸೇನಾ ಮುಖ್ಯಸ್ಥರಾಗಿದ್ದ 1957–61ರ ಅವಧಿಯಲ್ಲಿ ಅವರಿಗೆ ದೊಡ್ಡ ಯುದ್ಧ ಎದುರಾಗಲಿಲ್ಲ. ಚೀನಾ ಯುದ್ಧ ಬಂದದ್ದು ನಿವೃತ್ತಿಯ ಮರುವರ್ಷ. 1964ರಲ್ಲಿ ವಿಶ್ವಸಂಸ್ಥೆ ತನ್ನ ಸೈಪ್ರಸ್ ಶಾಂತಿಪಡೆಯ ನೇತೃತ್ವವನ್ನು ಅವರಿಗೆ ವಹಿಸಿತು. ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟ್ಟರ ನಡುವೆ ನಿಲ್ಲಬೇಕಿದ್ದ ಆ ಹುದ್ದೆ ಕೊರಿಯಾದ ಕೆಲಸದ್ದೇ ಮುಂದುವರಿಕೆ. 1965ರ ಡಿಸೆಂಬರಿನಲ್ಲಿ ಸಾಯುವಾಗಲೂ ಅವರು ಅದೇ ಹುದ್ದೆಯಲ್ಲಿದ್ದರು.