ಉಳುಮೆ ನಿಂತ ವರ್ಷ: ಕೊಮೆಮಿಯುತ್ ಗ್ರಾಮದ ಹುಟ್ಟು ಮತ್ತು ಶ್ಮಿಟಾ ಆಚರಣೆ

ಇಸ್ರೇಲಿನ ದಕ್ಷಿಣ ಬಯಲಿನಲ್ಲಿ, ಇಂದಿನ ಕಿರ್ಯಾತ್ ಗಾತ್ ಪಟ್ಟಣದ ಸಮೀಪ, 1950ರಲ್ಲಿ ಕೊಮೆಮಿಯುತ್ ಗ್ರಾಮ ನೆಲೆಗೊಂಡಿತು. ಸೇನೆಯಿಂದ ಬಿಡುಗಡೆಯಾದ, ಅಗುದತ್ ಇಸ್ರಾಯೇಲ್ ಸಂಘಟನೆಯ ಧರ್ಮನಿಷ್ಠ ಯುವಕರು ಇಲ್ಲಿನ ಮೊದಲ ಒಕ್ಕಲು. ಇದು ಮೊಶಾವ್ ಮಾದರಿಯ ಊರು. ಹಿಡುವಳಿ ಮನೆಮನೆಯದು, ವ್ಯವಹಾರ ಸಹಕಾರಿ ನೆಲೆಯದು. ಈ ನೆಲ 1948ರ ಯುದ್ಧದಲ್ಲಿ ಬರಿದಾದ ಕರತಿಯ್ಯಾ ಎಂಬ ಪ್ಯಾಲೆಸ್ಟೀನಿ ಹಳ್ಳಿಯದಾಗಿತ್ತು ಎಂಬುದನ್ನು ಗ್ರಾಮದ ಚರಿತ್ರೆ ಬರೆಯುವವರು ಬಿಡುವಂತಿಲ್ಲ.

ಊರು ಕಟ್ಟಿದ ಮರುವರ್ಷವೇ, 1951ರ ಶರತ್ಕಾಲದಲ್ಲಿ, ಶ್ಮಿಟಾ ಬಂತು. ಬೈಬಲಿನ ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಏಳನೆಯ ವರ್ಷ ಇಸ್ರಾಯೇಲ್ ನಾಡಿನ ನೆಲಕ್ಕೆ ವಿರಾಮ: ಬಿತ್ತುವಂತಿಲ್ಲ, ದ್ರಾಕ್ಷಿಬಳ್ಳಿ ಸವರುವಂತಿಲ್ಲ. ಇದಕ್ಕೊಂದು ದಾರಿ ಆಗಲೇ ಇತ್ತು. ಜಮೀನನ್ನು ಯೆಹೂದ್ಯೇತರರಿಗೆ ತಾತ್ಕಾಲಿಕವಾಗಿ ಮಾರಿ ಬೇಸಾಯ ಮುಂದುವರಿಸುವ ಈ ವಿನಾಯಿತಿಗೆ 1909–10ರ ಶ್ಮಿಟಾದಲ್ಲಿ ರಬ್ಬಿ ಅಬ್ರಹಾಂ ಐಸಾಕ್ ಕುಕ್ ಬೆಂಬಲವಾಗಿ ನಿಂತಿದ್ದರು. ಕೊಮೆಮಿಯುತ್ ಅದನ್ನು ಒಪ್ಪಲಿಲ್ಲ. ರಬ್ಬಿ ಬಿನ್ಯಾಮಿನ್ ಮೆಂಡೆಲ್ಸನ್ ಅವರ ಮುಂದಾಳತ್ವದಲ್ಲಿ ಊರಿನವರು ನೇಗಿಲು ಕೆಳಗಿಟ್ಟರು. ದೇಶದಲ್ಲಿ ಆಹಾರಕ್ಕೆ ಪಡಿತರ ಜಾರಿಯಲ್ಲಿದ್ದ ಕಾಲವದು; ಬೇರೂರದ ಒಂದು ಊರು ಬೆಳೆಯನ್ನೇ ಬಿಡುವುದೆಂದರೆ ಏನೆಂದು ಒಕ್ಕಲುತನ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ.

ಮುಂದಿನದು ಸಮುದಾಯದ ಮೌಖಿಕ ಪರಂಪರೆಯಲ್ಲಿ ಉಳಿದ ಕಥನ. ಶ್ಮಿಟಾ ಮುಗಿದಾಗ ಏಳನೆಯ ವರ್ಷದಲ್ಲಿ ಬೆಳೆದ ಬೀಜ ಅವರಿಗೆ ನಿಷಿದ್ಧ. ನೆರೆಯ ಕಿಬ್ಬುತ್ಸ್ (ಸಾಮೂಹಿಕ ಒಡೆತನದ ಊರು) ಒಂದರಲ್ಲಿ ಸಿಕ್ಕಿದ್ದು ಆರನೆಯ ವರ್ಷದ ಹುಳುಕು ಗೋಧಿ. ಅದನ್ನೇ ತಡವಾಗಿ ಬಿತ್ತಿದರು. ಆ ವರ್ಷ ಮಳೆಯೂ ತಡವಾಯಿತು. ಮೊದಲು ಬಿತ್ತಿದ ನೆರೆಯವರ ಬೆಳೆ ಕೈಕೊಟ್ಟಿತು, ಇವರದು ಹುಲುಸಾಗಿ ಬಂತು. ಭಕ್ತರು ಇದನ್ನು ಪವಾಡವೆನ್ನುತ್ತಾರೆ. ಮಳೆಯಾಶ್ರಿತ ಗೋಧಿಯಲ್ಲಿ ಮೊದಲ ಮಳೆಗೆ ಬಿತ್ತನೆ ಹೊಂದಿಕೊಂಡರೆ ಇಂಥ ಫಲ ಅಸಂಭವವೇನಲ್ಲ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಇಳುವರಿಗಿಂತ ಆ ಕಥನ ಮುಂದೆ ಮಾಡಿದ ಕೆಲಸ. ನೆಲವನ್ನು ಪಾಳು ಬಿಟ್ಟೂ ಊರು ಉಳಿಯಬಹುದೆಂಬ ನಂಬಿಕೆಗೆ ಅದು ನಿದರ್ಶನವಾಯಿತು. ಶ್ಮಿಟಾ ಪಾಲಿಸಲು ಹಿಂಜರಿದ ಇತರ ರೈತರಿಗೆ ಕೊಮೆಮಿಯುತ್ ಹೆಸರನ್ನೇ ಎತ್ತಿ ಹೇಳುವಂತಾಯಿತು.

ಪಾಸ್ಕಹಬ್ಬದ ಹುಳಿಯಿಲ್ಲದ ರೊಟ್ಟಿ, ಮಾತ್ಸಾದ ತಯಾರಿಕೆಗೂ ಊರು ಹೆಸರಾಯಿತು. ಗೋಧಿಗೆ ಕೊಯ್ಲಿನಿಂದಲೇ ನೀರು ಸೋಕದಂತೆ ಕಾಯುವ ಕಟ್ಟಳೆ ಇದರಲ್ಲಿದೆ. ಇಲ್ಲಿ ಮಾರುಕಟ್ಟೆಯನ್ನು ಒದಗಿಸಿದ್ದೂ ಧರ್ಮನಿಯಮವೇ.

2021–22ರದು ಊರು ಕಂಡ ಹನ್ನೊಂದನೆಯ ಶ್ಮಿಟಾ. ಇಸ್ರೇಲಿನ ಕೃಷಿಚರಿತ್ರೆ ಬರೆಯುವವರು ಬೆಳೆದ ವರ್ಷಗಳ ಅಂಕಿಅಂಶದೊಂದಿಗೆ ಈ ಹನ್ನೊಂದು ಬೆಳೆಯಿಲ್ಲದ ವರ್ಷಗಳ ಜಮಾಖರ್ಚನ್ನೂ ಅಧ್ಯಯನಕ್ಕೆ ಎತ್ತಿಕೊಳ್ಳಬೇಕು.