ಬ್ಯಾಟರಿಯಿಲ್ಲದ ಮುಳ್ಳು

"ಮಿಸ್, ಬ್ಯಾಟರಿಯೇ ಇಲ್ಲದ ವಿಮಾನದಲ್ಲಿ ಎಂಜಿನ್ ಕಾದದ್ದು ಗೊತ್ತಾಗೋದು ಹೇಗೆ?" ಎಂದು ಸಾಲಿಗ್ರಾಮದ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ್ದ. ಅಂಥ ವಿಮಾನವೇ ಇಲ್ಲ, ಕೂತ್ಕೊ ಎಂದು ಗದರಿದ್ದೆ.

ಆದರೆ ಬ್ಯಾಟರಿಯ ಹಂಗಿಲ್ಲದೆ ಎಂಜಿನ್ ಓಡುವ ವಿಮಾನ ನಮ್ಮ ಬೆಂಗಳೂರಿನಲ್ಲೇ ತಯಾರಾಗಿತ್ತು. ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ಎಚ್‌ಎಎಲ್ ರೂಪಿಸಿದ 'ಪುಷ್ಪಕ್' 1958ರ ಸೆಪ್ಟೆಂಬರ್ 28ರಂದು ಮೊದಲು ಹಾರಿತು. ಇಬ್ಬರಿಗೆ ಸೀಟು, 90 ಅಶ್ವಶಕ್ತಿಯ ಎಂಜಿನ್. ಪ್ರೊಪೆಲ್ಲರನ್ನು ಕೈಯಲ್ಲೇ ತಿರುವಿ ಚಾಲೂ ಮಾಡುತ್ತಿದ್ದರು, ಕಿಡಿಗೆ ಮ್ಯಾಗ್ನೆಟೊ.

ಮನೆಯಲ್ಲೇ ಪುಟ್ಟ ವಿಮಾನ ಕಟ್ಟುವವರಿಗೆ ಇಂದಿಗೂ ಎರಡು ಹಳೆಯ ದಾರಿಗಳುಂಟು. ಎಣ್ಣೆಯಲ್ಲಿ ಮುಳುಗಿದ ಲೋಹದ ಗುಂಡಿನೊಳಗೆ ದ್ರವ ಆವಿಯಾಗಿ, ಅದರ ಒತ್ತಡ ಸಪೂರ ಕೊಳವೆಯಲ್ಲಿ ಬಂದು ಮುಳ್ಳನ್ನು ತಳ್ಳುತ್ತದೆ. ಸಿಲಿಂಡರಿನ ತಲೆಗೆ, 1821ರಲ್ಲಿ ಸೀಬೆಕ್ ಕಂಡ ತತ್ವ: ಎರಡು ಬೇರೆ ಲೋಹಗಳ ಬೆಸುಗೆ ಕಾದರೆ ವಿದ್ಯುತ್ತು ತಾನೇ ಹುಟ್ಟುತ್ತದೆ. ಸ್ಪಾರ್ಕ್ ಪ್ಲಗ್ಗಿನಡಿ ಅದನ್ನು ಉಂಗುರದಂತೆ ಕೂರಿಸುತ್ತಾರೆ. ಕೊಳವೆ ನುಲಿದರೆ ಕೆಟ್ಟಿತು; ತಂತಿ ಉದ್ದವಾಯಿತೆಂದು ಕತ್ತರಿಸಿದರೆ ಮುಳ್ಳು ಸುಳ್ಳು ಹೇಳುತ್ತದೆ. ಸುಳ್ಳು ಹೇಳುವ ಮುಳ್ಳಿಗಿಂತ ಸತ್ತ ಮುಳ್ಳೇ ವಾಸಿ.

ಇಷ್ಟು ಓದಿ ತಿಳಿಯುವ ಹೊತ್ತಿಗೆ ಹುಡುಗ ಶಾಲೆ ಬಿಟ್ಟಿದ್ದ. ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಿಲ್ಲಿಸಿ, ತಪ್ಪು ಹೇಳಿದ್ದೆ ಕಣಪ್ಪ ಎಂದು ವಿವರಿಸಿದೆ.

"ನಮ್ಮ ಹಳೇ ಟ್ರ್ಯಾಕ್ಟರಲ್ಲೂ ಅದೇ ಕೊಳವೆ ಮಿಸ್," ಎಂದ.